ಅವಧಿ ಮುಗಿದಿದ್ದು ಚೀಟಿಗೋ, ದುಡ್ಡಿಗೋ?

ಗಿಫ್ಟ್ ವೋಚರ್ ಅನ್ನೋದು ಒಂದು ಕಾಲಕ್ಕೆ ಬೆಂಗಳೂರಿನ ಮಾಲುಗಳಲ್ಲಿ ಮಾತ್ರ ಸಿಗುತ್ತಿದ್ದ ವಸ್ತು. ಈಗ ಹಾಗಿಲ್ಲ. ಮಂಡ್ಯದ ಬಟ್ಟೆ ಅಂಗಡಿ, ಮದ್ದೂರಿನ ಬೇಕರಿ, ಮಳವಳ್ಳಿಯ ಬ್ಯೂಟಿ ಪಾರ್ಲರ್, ಫೋಟೋ ಸ್ಟುಡಿಯೋ, ಜಿಮ್ಮು, ಕನ್ನಡಕದ ಅಂಗಡಿ... ಎಲ್ಲರ ಹತ್ತಿರವೂ ಒಂದೊಂದು ಹೊಳೆಯುವ ಕಾಗದ ಇದೆ. ಮದುವೆ ಮನೆಯಲ್ಲಿ ಮುಯ್ಯಿ ಕವರಿನ ಒಳಗೆ ನೋಟಿನ ಬದಲು ವೋಚರ್ ಇಡುವವರಿದ್ದಾರೆ. ನಿವೃತ್ತಿ ದಿನ ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆ ಒಂದು ವೋಚರ್ ಕೊಡುವುದು ಸರ್ಕಾರಿ ಕಚೇರಿಗಳಲ್ಲೂ ಶುರುವಾಗಿದೆ. ಒಳ್ಳೇದೇ. ಬೇಡದ ಗೋಡೆ ಗಡಿಯಾರ ಐದು ಬರೋದು ತಪ್ಪಿತು :)

ಆದರೆ ಆ ಕಾಗದ ತಿರುಗಿಸಿ ನೋಡಿದ್ದೀರಾ? ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಇಂಗ್ಲಿಷಿನಲ್ಲಿ, ಒಂದು ದಿನಾಂಕ ಇರುತ್ತೆ. ಮೂರು ತಿಂಗಳು, ಆರು ತಿಂಗಳು, ಅಬ್ಬಬ್ಬಾ ಅಂದರೆ ಒಂದು ವರ್ಷ. ಆ ದಿನ ದಾಟಿದ ಮೇಲೆ ಹೋದರೆ ಕೌಂಟರಿನ ಹುಡುಗ "ಎಕ್ಸ್‌ಪೈರಿ ಆಗೋಗದೆ ಸಾ" ಅನ್ನುತ್ತಾನೆ. ಅಲ್ಲಿಂದ ಶುರು. ಒಬ್ಬರು ಧ್ವನಿ ಏರಿಸುತ್ತಾರೆ, ಇನ್ನೊಬ್ಬರು ಓನರನ್ನು ಕರೆಯಿರಿ ಅನ್ನುತ್ತಾರೆ, ಮತ್ತೊಬ್ಬರು ಹರಿದು ಹಾಕಿ ಹೋಗುತ್ತಾರೆ. ನಮ್ಮ ಕಡೆ ಈ ಜಗಳ ದಿನೇ ದಿನೇ ಹೆಚ್ಚಾಗುತ್ತಿದೆ. ಅದರ ಬಗ್ಗೆ ನನಗೆ ಅನ್ನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಈ ಜಗಳಗಳಲ್ಲಿ ಎರಡು ಬೇರೆ ಬೇರೆ ಕಾಗದಗಳು ಕಲಸಿಹೋಗಿವೆ. ಒಂದು, ಅಂಗಡಿಯವರು ಪುಕ್ಕಟೆ ಹಂಚುವ ರಿಯಾಯಿತಿ ಕೂಪನ್. "ಆಷಾಢ ಆಫರ್, ಮುಂದಿನ ಖರೀದಿಗೆ ಶೇಕಡಾ 20 ಕಡಿಮೆ" ಅಂತ ಬಿಲ್ಲಿನ ಜೊತೆ ಪಿನ್ ಹೊಡೆದು ಕೊಡುತ್ತಾರಲ್ಲ, ಅದು. ಅದಕ್ಕೆ ನೀವು ದುಡ್ಡು ಕೊಟ್ಟಿಲ್ಲ. ಅದು ಬನ್ನಿ ಅಂತ ಕರೆದ ಕರೆಯೋಲೆ. ಮದುವೆ ಮುಗಿದ ಮೇಲೆ ಲಗ್ನಪತ್ರಿಕೆ ಹಿಡಿದುಕೊಂಡು ಛತ್ರಕ್ಕೆ ಹೋದರೆ ಊಟ ಯಾರು ಬಡಿಸುತ್ತಾರೆ? ಆಷಾಢದ ಕೂಪನ್ ಗೌರಿ ಹಬ್ಬದ ಹೊತ್ತಿಗೆ ನಡೆಯಲ್ಲ ಅಂದರೆ ಅಂಗಡಿಯವರ ಮಾತು ನ್ಯಾಯ. ಅಲ್ಲಿ ಜಗಳ ಆಡುವವರನ್ನು ಕಂಡರೆ ನನಗೆ ಅಂಗಡಿಯವರ ಮೇಲೇ ಕನಿಕರ.

ಎರಡನೆಯದು, ದುಡ್ಡು ಕೊಟ್ಟು ಕೊಂಡ ವೋಚರ್. 2,000 ರೂಪಾಯಿ ಎಣಿಸಿ ಕೊಟ್ಟು, 2,000 ಅಂತ ಬರೆದ ಕಾಗದ ತಂದದ್ದು. ಇದು ಬೇರೆಯದೇ ಪ್ರಾಣಿ. ಅಂಗಡಿಯವರ ಗಲ್ಲಾಪೆಟ್ಟಿಗೆಗೆ ದುಡ್ಡು ಅವತ್ತೇ ಬಿದ್ದಿದೆ. ಸರಕು ಇನ್ನೂ ಶೆಲ್ಫಿನಲ್ಲೇ ಇದೆ. ಕಾಗದ ಮಾತ್ರ ನಿಮ್ಮ ಕೈಯಲ್ಲಿದೆ. ನೇರವಾಗಿ ಹೇಳಬೇಕೆಂದರೆ ನೀವು ಅಂಗಡಿಗೆ ಸಾಲ ಕೊಟ್ಟಿದ್ದೀರಿ.

ನಮ್ಮೂರ ಅಂಗಡಿಗಳಲ್ಲಿ "ಇಂದು ನಗದು, ನಾಳೆ ಸಾಲ" ಅಂತ ಬೋರ್ಡು ಇರುತ್ತೆ. ಬೋರ್ಡು ಇದ್ದರೂ ಸಾಲ ಕೊಡುತ್ತಾರೆ, ಅದು ಬೇರೆ ಮಾತು. ಕಬ್ಬಿನ ಬಿಲ್ಲು ಬಂದಾಗ, ರೇಷ್ಮೆಗೂಡು ಮಾರಿದಾಗ ಕೊಡಿ ಅಂತ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಈಗ ಊಹಿಸಿಕೊಳ್ಳಿ. ಯಾರೋ ಒಬ್ಬ ಎಂಟು ತಿಂಗಳಾದ ಮೇಲೆ ಬಂದು, "ಅಣ್ಣಾ, ನಿಮ್ಮ ಸಾಲಕ್ಕೆ ಆರು ತಿಂಗಳು ವ್ಯಾಲಿಡಿಟಿ ಇತ್ತು, ಎಕ್ಸ್‌ಪೈರಿ ಆಗೋಯ್ತು, ಇನ್ನು ನಾನು ಕೊಡಂಗಿಲ್ಲ" ಅಂದರೆ? ಅಂಗಡಿಯವರು ಸುಮ್ಮನಿರುತ್ತಾರಾ? ಊರಿಗೆಲ್ಲ ಹೇಳಿಕೊಂಡು ಬರುತ್ತಾರೆ. ಗಿರಾಕಿ ತೆಗೆದುಕೊಂಡ ಸಾಲಕ್ಕೆ ಇಲ್ಲದ ವ್ಯಾಲಿಡಿಟಿ, ಅಂಗಡಿ ತೆಗೆದುಕೊಂಡ ಸಾಲಕ್ಕೆ ಎಲ್ಲಿಂದ ಬಂತು?

ಮುಂಗಡ ಕೊಟ್ಟು ಆಮೇಲೆ ಸರಕು ತೆಗೆದುಕೊಳ್ಳೋದು ನಮಗೇನು ಹೊಸದಲ್ಲ. ಯುಗಾದಿಯ ಮಾರನೇ ದಿನದ ಹೊಸತೊಡಕಿಗೆ ಮಾಂಸದ ಚೀಟಿ ಹಾಕುವುದು ನಮ್ಮ ಕಡೆ ಗೊತ್ತಿಲ್ಲದವರು ಯಾರು? ತಿಂಗಳು ತಿಂಗಳು ಇಷ್ಟು ಅಂತ ಕಟ್ಟುತ್ತಾರೆ. ಹಬ್ಬಕ್ಕೆ ಮುಂಚೆ ಹೋಗಿ ಮರಿ ತರುತ್ತಾರೆ. ಹೊಸತೊಡಕಿನ ಬೆಳಗ್ಗೆ ಗುಡ್ಡೆ ಹಾಕಿ ಪಾಲು ಹಂಚುತ್ತಾರೆ. ನಮ್ಮ ಬೀದಿಯ ಚೀಟಿಯಲ್ಲಿ ಯಾರಾದರೂ ಆ ದಿನ ಊರಲ್ಲಿಲ್ಲದಿದ್ದರೆ ಅವರ ಪಾಲು ಅಣ್ಣತಮ್ಮಂದಿರ ಮನೆಗೆ ಹೋಗುತ್ತೆ, ಇಲ್ಲವಾದರೆ ಕಟ್ಟಿದ ದುಡ್ಡು ವಾಪಸ್ ಬರುತ್ತೆ. ಮಾಂಸ ಒಂದು ದಿನದಲ್ಲಿ ಕೆಡುವ ವಸ್ತು, ಅದಕ್ಕೆ ನಿಜವಾಗಲೂ ಅವಧಿ ಇದೆ. ಆದರೂ "ಹೊಸತೊಡಕು ಮುಗೀತು, ನಿನ್ನ ದುಡ್ಡೂ ಮುಗೀತು" ಅಂತ ಚೀಟಿ ನಡೆಸುವವನು ಅಂದರೆ ಮುಂದಿನ ವರ್ಷ ಅವನ ಹತ್ತಿರ ಒಬ್ಬನೂ ಚೀಟಿ ಹಾಕಲ್ಲ. ಮಾಂಸಕ್ಕೇ ಇಲ್ಲದ ಕಟ್ಟಳೆ ಸೀರೆಗೆ ಯಾಕೆ?

ಈ "ವ್ಯಾಲಿಡಿಟಿ" ಅನ್ನೋ ಪದ ನಮ್ಮ ಹಳ್ಳಿಗಳಿಗೆ ಬಂದದ್ದು ಮೊಬೈಲ್ ರೀಚಾರ್ಜಿನ ಜೊತೆ ಅಂತ ಕಾಣುತ್ತೆ. ದುಡ್ಡು ಹಾಕಿಸು, 28 ದಿನಕ್ಕೆ ಮುಗೀತು, ಮತ್ತೆ ಹಾಕಿಸು. ಕೇಳಿ ಕೇಳಿ ಇದೊಂದು ಪ್ರಕೃತಿ ನಿಯಮ ಅನ್ನುವಷ್ಟು ಒಗ್ಗಿಹೋಗಿದ್ದೇವೆ. ಅಲ್ಲೂ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಬದಲಿಸಿ, ವಿಶೇಷ ರೀಚಾರ್ಜ್ ವೋಚರುಗಳ ಗರಿಷ್ಠ ಅವಧಿಯನ್ನು 90 ದಿನದಿಂದ 365 ದಿನಕ್ಕೆ ಏರಿಸಿತು. ಆದರೆ ಮೊಬೈಲ್ ಸೇವೆಗೂ ಬಟ್ಟೆ ಅಂಗಡಿಗೂ ವ್ಯತ್ಯಾಸ ಇದೆ. ಟವರ್ ದಿನವೂ ನಿಮಗಾಗಿ ಓಡುತ್ತಿರುತ್ತೆ, ನೀವು ಮಾತಾಡಲಿ ಬಿಡಲಿ. ಬಟ್ಟೆ ಅಂಗಡಿ ನಿಮ್ಮ ವೋಚರಿಗೋಸ್ಕರ ದಿನಾ ಒಂದು ಸೀರೆ ಬಿಚ್ಚಿ ಮಡಚಿ ಇಡುತ್ತಾ? ನೀವು ಬರದಿದ್ದರೆ ಅವರಿಗೆ ಲಾಭವೇ. ನಿಮ್ಮ ದುಡ್ಡು ಬಡ್ಡಿ ಇಲ್ಲದೆ ಅವರ ವ್ಯಾಪಾರದಲ್ಲಿ ತಿರುಗುತ್ತಿರುತ್ತೆ.

ನಮ್ಮ ದೊಡ್ಡವ್ವನ ಕತೆ ಹೇಳುತ್ತೇನೆ. ಮಳವಳ್ಳಿಯಲ್ಲಿ ಅಂಗನವಾಡಿ ಸಹಾಯಕಿಯಾಗಿದ್ದವರು. ನಿವೃತ್ತಿಯ ದಿನ ಜೊತೆಯವರೆಲ್ಲ ನೂರು, ಇನ್ನೂರು ಹಾಕಿ 3,000 ರೂಪಾಯಿಯ ವೋಚರ್ ತಂದು ಕೊಟ್ಟಿದ್ದರು. ಮಂಡ್ಯದ ಒಂದು ಬಟ್ಟೆ ಅಂಗಡಿಯದು. ಆರು ತಿಂಗಳ ಅವಧಿ. ಅದಾದ ಮುಂದಿನ ತಿಂಗಳೇ ದೊಡ್ಡಪ್ಪ ತೀರಿಕೊಂಡರು. ನಮ್ಮ ಕಡೆ ಗೊತ್ತಲ್ಲ, ಮನೆಯಲ್ಲಿ ಸಾವಾದರೆ ವರ್ಷ ತುಂಬುವವರೆಗೆ ಹಬ್ಬ ಇಲ್ಲ, ಹೊಸ ಬಟ್ಟೆ ಇಲ್ಲ. ದೊಡ್ಡವ್ವ ವೋಚರನ್ನು ರೇಷನ್ ಕಾರ್ಡಿನ ಜೊತೆ ಕವರಿನಲ್ಲಿ ಜೋಪಾನವಾಗಿ ಇಟ್ಟರು. ವರ್ಷದ ಎಡೆ ಮುಗಿಸಿ, ಒಂದು ದಿನ ನನ್ನನ್ನೂ ಕರೆದುಕೊಂಡು ಮಂಡ್ಯಕ್ಕೆ ಹೊರಟರು.

ಕೌಂಟರಿನ ಹುಡುಗ ನೋಡಿ, "ಡೇಟು ಆಗೋಗಿ ಆರೇಳು ತಿಂಗ್ಳಾಯ್ತು ಕನಮ್ಮ" ಅಂದ.

"ದುಡ್ಡಿಗೂ ಡೇಟು ಇರ್ತದಾ ಮಗ?"

ಓನರ್ ಬಂದರು. ಒಳ್ಳೆ ಮನುಷ್ಯರೇ, ಗದರಲಿಲ್ಲ. "ಕಂಪ್ಯೂಟ್ರು ತಗೊಳಲ್ಲ ಅಮ್ಮ, ನಾನೇನ್ ಮಾಡ್ಲಿ. ನಿಮ್ ಮುಖ ನೋಡ್ಕಂಡು ಅರ್ಧ ದುಡ್ಡು ಮುರ್ಕೊಡ್ತೀನಿ" ಅಂದರು.

ದೊಡ್ಡವ್ವ ಒಂದು ನಿಮಿಷ ಸುಮ್ಮನಿದ್ದು ಕೇಳಿದರು, "ಅರ್ಧ ನಂದು ಅಂದ್ಮೇಲೆ ಇನ್ನರ್ಧ ಯಾರ್ದಪ್ಪಾ?"

ಓನರ್ ಹತ್ತಿರ ಉತ್ತರ ಇರಲಿಲ್ಲ. ದೊಡ್ಡವ್ವ ಅರ್ಧ ಬೇಡ ಅಂತ ಎದ್ದು ಬಂದರು. ಆಮೇಲೆ ನಾವು ಒಂದು ಪುಟದ ಕಾಗದ ಬರೆದೆವು, ಕನ್ನಡದಲ್ಲೇ. ಯಾವತ್ತು ಎಷ್ಟು ದುಡ್ಡು ಕೊಟ್ಟದ್ದು, ವೋಚರ್ ನಂಬರ್ ಏನು, ಯಾಕೆ ತಡವಾಯಿತು, ಪೂರ್ತಿ ಮೊತ್ತಕ್ಕೆ ಬಟ್ಟೆ ಕೊಡಿ ಇಲ್ಲವಾದರೆ ದುಡ್ಡು ಕೊಡಿ, ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ... ಇಷ್ಟೇ. ವೋಚರಿನ ಜೆರಾಕ್ಸ್ ಇಟ್ಟು ಸ್ಪೀಡ್ ಪೋಸ್ಟ್ ಮಾಡಿದೆವು. ಹತ್ತನೇ ದಿನ ಅಂಗಡಿಯಿಂದ ಫೋನ್ ಬಂತು, ಪೂರ್ತಿ ಮೊತ್ತಕ್ಕೆ ತಗೊಂಡು ಹೋಗಿ ಅಂತ. ದೊಡ್ಡವ್ವ ತನಗೊಂದು ಸೀರೆ, ಮೊಮ್ಮಗಳಿಗೊಂದು ಲಂಗ ತಂದರು. ಕಂಪ್ಯೂಟರ್ ತಗೊಳ್ಳಲ್ಲ ಅಂದದ್ದು ಹೇಗೆ ತಗೊಂಡಿತು ಅಂತ ನಾನು ಕೇಳೋಕೆ ಹೋಗಲಿಲ್ಲ!

ಈಗ ಕಾನೂನು ಏನು ಹೇಳುತ್ತೆ ನೋಡೋಣ. ಇಲ್ಲಿ ಸ್ವಲ್ಪ ತಾಳ್ಮೆ ಬೇಕು.

ರಿಸರ್ವ್ ಬ್ಯಾಂಕು ಮುಂಗಡ ದುಡ್ಡು ತುಂಬಿಸುವ ಕಾರ್ಡು, ವ್ಯಾಲೆಟ್, ಗಿಫ್ಟ್ ಕಾರ್ಡುಗಳಿಗೆ 2021ರಲ್ಲಿ ಒಂದು ಸಮಗ್ರ ನಿರ್ದೇಶನ ಹೊರಡಿಸಿತು. ಅದರ ಪ್ರಕಾರ ಕನಿಷ್ಠ ಒಂದು ವರ್ಷ ಅವಧಿ ಇರಬೇಕು. ಅವಧಿ ಮುಗಿಯುವ ಮುಂಚಿನ 45 ದಿನಗಳಲ್ಲಿ ಗ್ರಾಹಕರಿಗೆ ಎಚ್ಚರಿಕೆ ಕೊಡುತ್ತಿರಬೇಕು. ಬ್ಯಾಂಕಲ್ಲದ ಕಂಪನಿಗಳು ಉಳಿದ ದುಡ್ಡನ್ನು ಅವಧಿ ಮುಗಿದು ಮೂರು ವರ್ಷ ಆಗುವವರೆಗೆ ತಮ್ಮ ಲಾಭದ ಲೆಕ್ಕಕ್ಕೆ ಸೇರಿಸಿಕೊಳ್ಳುವ ಹಾಗಿಲ್ಲ. ಗ್ರಾಹಕ ಅವಧಿ ಮುಗಿದ ಮೇಲೆ ಯಾವಾಗ ಬಂದು ಕೇಳಿದರೂ ದುಡ್ಡನ್ನು ಅವನ ಬ್ಯಾಂಕ್ ಖಾತೆಗೆ ಹಾಕಬೇಕು. ಎಷ್ಟು ಚೆನ್ನಾಗಿದೆ ಅಲ್ವಾ?

ಆದರೆ ಒಂದು ತೊಡಕು. ಒಂದೇ ಅಂಗಡಿ ತಾನೇ ಕೊಟ್ಟು, ತನ್ನ ಅಂಗಡಿಯಲ್ಲೇ ನಡೆಯುವ ವೋಚರಿಗೆ ಈ ನಿರ್ದೇಶನ ತಾಗುವುದಿಲ್ಲ. ಅದಕ್ಕೆ ರಿಸರ್ವ್ ಬ್ಯಾಂಕಿನ ಅನುಮತಿಯೇ ಬೇಡ. ಅಂದರೆ ದೊಡ್ಡ ಕಂಪನಿಯ ಗಿಫ್ಟ್ ಕಾರ್ಡಿಗೆ ಬೇಲಿ ಇದೆ, ಮಂಡ್ಯದ ಬಟ್ಟೆ ಅಂಗಡಿಯ ವೋಚರಿಗೆ, ಮಳವಳ್ಳಿಯ ಪಾರ್ಲರ್ ಪ್ಯಾಕೇಜಿಗೆ ಬೇಲಿ ಇಲ್ಲ. ಬಡವರು ಹೆಚ್ಚಾಗಿ ಹಿಡಿದುಕೊಂಡು ಓಡಾಡುವುದು ಎರಡನೆಯದನ್ನೇ.

ಹಾಗಂತ ಕೈಗೆ ಏನೂ ಸಿಗಲ್ಲ ಅಂತ ಅಲ್ಲ. ನಮ್ಮ ಕರ್ನಾಟಕ ಹೈಕೋರ್ಟು 2023ರ ಜನವರಿಯಲ್ಲಿ ಪ್ರೀಮಿಯರ್ ಸೇಲ್ಸ್ ಪ್ರಮೋಷನ್ ಎಂಬ ಕಂಪನಿಯ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತು. ಅದು ತೆರಿಗೆಯ ಕೇಸು. ವೋಚರ್ ವ್ಯಾಪಾರಕ್ಕೆ ಜಿ.ಎಸ್.ಟಿ. ಬೀಳುತ್ತಾ ಅನ್ನೋದು ಪ್ರಶ್ನೆ. ವೋಚರ್ ತಾನಾಗಿ ಸರಕೂ ಅಲ್ಲ ಸೇವೆಯೂ ಅಲ್ಲ, ಅದನ್ನು ಕೊಡುವುದು ಮುಂಗಡ ಠೇವಣಿ ಇಟ್ಟ ಹಾಗೆ ಅಂತ ಕೋರ್ಟು ಹೇಳಿತು. ಆಮೇಲೆ 2024ರ ಡಿಸೆಂಬರ್ 31ರಂದು ಕೇಂದ್ರದ ತೆರಿಗೆ ಮಂಡಳಿಯೂ ಒಂದು ಸುತ್ತೋಲೆ ಹೊರಡಿಸಿತು. ಅದರಲ್ಲಿ ಒಂದು ಕುತೂಹಲದ ಮಾತಿದೆ. ಗ್ರಾಹಕರು ಬಳಸದೆ ಅವಧಿ ಮುಗಿದುಹೋದ ವೋಚರಿನ ದುಡ್ಡಿಗೆ ಜಿ.ಎಸ್.ಟಿ. ಇಲ್ಲ. ಯಾಕೆ? ಅಲ್ಲಿ ಸರಕೂ ಪೂರೈಕೆಯಾಗಿಲ್ಲ, ಸೇವೆಯೂ ಪೂರೈಕೆಯಾಗಿಲ್ಲ.

ಇದನ್ನು ಓದಿದಾಗ ನನಗೆ ನಗು ಬಂತು. ತೆರಿಗೆ ಇಲಾಖೆ ತನ್ನ ಲೆಕ್ಕಕ್ಕೆ ಹೇಳಿದ್ದು ಅದು. ಆದರೆ ಗ್ರಾಹಕರ ಕಡೆಯಿಂದ ಓದಿ ನೋಡಿ. ದುಡ್ಡು ಬಂದಿದೆ, ಬದಲಿಗೆ ಏನೂ ಕೊಟ್ಟಿಲ್ಲ ಅಂತ ಸರ್ಕಾರದ ಕಾಗದವೇ ಹೇಳುತ್ತಿದೆ! ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ?

ಸುಪ್ರೀಂ ಕೋರ್ಟಿನ ಇನ್ನೊಂದು ಪ್ರಕರಣ. 2020ರಲ್ಲಿ ಲಾಕ್‌ಡೌನ್ ಆದಾಗ ವಿಮಾನಗಳು ರದ್ದಾದವು. ಕಂಪನಿಗಳು ದುಡ್ಡು ವಾಪಸ್ ಕೊಡದೆ "ಕ್ರೆಡಿಟ್ ಶೆಲ್" ಅಂತ ಒಂದು ವೋಚರ್ ಕೊಟ್ಟವು. ಪ್ರವಾಸಿ ಲೀಗಲ್ ಸೆಲ್ ಕೋರ್ಟಿಗೆ ಹೋಯಿತು. ಆ ವರ್ಷದ ಅಕ್ಟೋಬರ್ 1ರ ತೀರ್ಪಿನಲ್ಲಿ, ಹಣದ ತೊಂದರೆಯಲ್ಲಿರುವ ಕಂಪನಿ ಅಂಥ ಕ್ರೆಡಿಟ್ ಕೊಡಬಹುದು, ಅದನ್ನು 2021ರ ಮಾರ್ಚ್ 31ರವರೆಗೆ ಬಳಸಬಹುದು, ಬೇರೆಯವರಿಗೂ ವರ್ಗಾಯಿಸಬಹುದು, ಅಷ್ಟರಲ್ಲಿ ಬಳಸದಿದ್ದರೆ ದುಡ್ಡು ವಾಪಸ್ ಕೊಡಬೇಕು ಅಂತ ಆಯಿತು. ಗಮನಿಸಿ, ಅವಧಿ ಮುಗಿದ ದಿನ ದುಡ್ಡು ಕಂಪನಿಯದಾಗಲಿಲ್ಲ, ಪ್ರಯಾಣಿಕನಿಗೆ ಮರಳಿತು. ಅದು ವಿಶೇಷ ಸಂದರ್ಭದ ತೀರ್ಪು, ಎಲ್ಲ ವೋಚರಿಗೂ ನೇರವಾಗಿ ಅಂಟುವುದಿಲ್ಲ, ನಿಜ. ಆದರೆ ಅದರ ಹಿಂದಿನ ನ್ಯಾಯ ಮಾತ್ರ ದೊಡ್ಡವ್ವನ ಪ್ರಶ್ನೆಯದೇ.

ಚೆಕ್ ನೋಡಿ. 2012ರ ಏಪ್ರಿಲ್ 1ರಿಂದ ಚೆಕ್ಕಿನ ಅವಧಿ ಆರು ತಿಂಗಳಿಂದ ಮೂರು ತಿಂಗಳಿಗೆ ಇಳಿಯಿತು. ಮೂರು ತಿಂಗಳು ದಾಟಿದ ಚೆಕ್ಕನ್ನು ಬ್ಯಾಂಕು ತಗೊಳ್ಳಲ್ಲ. ಹಾಗಂತ ಚೆಕ್ ಬರೆದವನ ಸಾಲ ತೀರಿತಾ? ಇಲ್ಲ. ಹೊಸ ಚೆಕ್ ಬರೆದುಕೊಡಬೇಕು. ಕಾಗದ ಹಳೆಯದಾಯಿತು, ಬಾಕಿ ಹಾಗೇ ಇದೆ. ಕಬ್ಬು ಬೆಳೆಯುವ ನಮಗಂತೂ ಬಾಕಿ ಅಂದರೇನು ಅಂತ ಯಾರೂ ಪಾಠ ಹೇಳಬೇಕಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದಲ್ಲಿ ಕಾರ್ಖಾನೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಸೇರಿಸಬೇಕು. ಕಾರ್ಖಾನೆಯವರು ಕೊಡುತ್ತಾರೋ ಬಿಡುತ್ತಾರೋ, ಕಾನೂನಿನ ದಾರಿ ಅದು. ಇನ್ನೊಬ್ಬರ ದುಡ್ಡು ನಿಮ್ಮ ಹತ್ತಿರ ಹೆಚ್ಚು ದಿನ ಇದ್ದರೆ ಅದು ಬೆಳೆಯಬೇಕು. ವೋಚರಿನಲ್ಲಿ ಮಾತ್ರ ಹೆಚ್ಚು ದಿನ ಇದ್ದಷ್ಟೂ ಸೊನ್ನೆಯಾಗುತ್ತೆ.

ಇನ್ನು ಅಂಗಡಿಯವರ ಕಡೆ. ಅವರದ್ದೂ ಕಷ್ಟ ಇದೆ, ಸುಮ್ಮನೆ ಬೈದು ಮುಗಿಸುವಂಥದ್ದಲ್ಲ.

ಮದ್ದೂರಿನಲ್ಲಿ ನನಗೊಬ್ಬ ಬೇಕರಿ ನಡೆಸುವ ಸ್ನೇಹಿತ ಇದ್ದಾನೆ. ಅವನ ವಾದ ಕೇಳಿ. "ಒಂದು ಕೆಜಿ ಕೇಕಿಗೆ ಅಂತ ಕೂಪನ್ ಮಾರಿರ್ತೀನಿ. ಎರಡ್ ವರ್ಷ ಬುಟ್ಟು ಬತ್ತಾರೆ. ಅಷ್ಟೊತ್ಗೆ ಬೆಣ್ಣೆ ರೇಟು, ಮೊಟ್ಟೆ ರೇಟು ಎಲ್ಲಿಗೋಗಿರ್ತದೆ? ಕೈಯಿಂದ ಹಾಕಿ ಕೊಡ್ಲಾ?" ನ್ಯಾಯವಾದ ಪ್ರಶ್ನೆ. ಇನ್ನೊಂದು, ಬಣ್ಣದ ಜೆರಾಕ್ಸ್ ಮಾಡಿಸಿಕೊಂಡು ಬರುವ ಪುಣ್ಯಾತ್ಮರೂ ಇದ್ದಾರೆ. ಹಳೇ ಪುಸ್ತಕ ಇಲ್ಲದಿದ್ದರೆ ಅಸಲು ಯಾವುದು, ನಕಲು ಯಾವುದು ಅಂತ ಹೇಗೆ ಗೊತ್ತಾಗಬೇಕು?

ಜೊತೆಗೆ ವ್ಯಾಪಾರದ ಅನಿಶ್ಚಿತತೆ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ಕಾರುಗಳು ಊರ ಹೊರಗಿನ ಬೈಪಾಸಿನಲ್ಲಿ ಸುಂಯ್ ಅಂತ ಹೋಗತೊಡಗಿದವು. ಹಳೇ ಹೆದ್ದಾರಿಯ ಪಕ್ಕದ ಹೋಟೆಲು, ಬೇಕರಿ, ಅಂಗಡಿಯವರು ವ್ಯಾಪಾರ ಬಿದ್ದುಹೋಯಿತು ಅಂತ ಗೋಳಾಡಿದರು. ದಾರಿಹೋಕರ ವ್ಯಾಪಾರ ಹೋದ ಮೇಲೆ ಉಳಿದದ್ದು ಊರಿನ ಗಿರಾಕಿ. ಆ ಗಿರಾಕಿಯನ್ನು ಹಿಡಿದಿಟ್ಟುಕೊಳ್ಳೋಕೆ ಕೂಪನ್ನು, ವೋಚರ್ರು, ಪ್ಯಾಕೇಜು. ಮುಂಗಡ ಬಂದ ದುಡ್ಡು ಬಾಡಿಗೆಗೆ, ಸಂಬಳಕ್ಕೆ ಖರ್ಚಾಗಿರುತ್ತೆ. ವರ್ಷ ಬಿಟ್ಟು ಹತ್ತು ಜನ ಒಟ್ಟಿಗೆ ಬಂದರೆ ಸಣ್ಣ ಅಂಗಡಿಗೆ ಹೊಡೆತವೇ.

ಇದಕ್ಕೆಲ್ಲ ಅವಧಿ ಹಾಕುವುದೇ ಮದ್ದಾ? ಒಂದೊಂದಾಗಿ ನೋಡಿ. ಬೆಲೆ ಏರಿದ ಸಮಸ್ಯೆಗೆ ವಸ್ತುವಿನ ಹೆಸರು ಬರೆಯದೆ ರೂಪಾಯಿ ಬರೆದರೆ ಆಯಿತು. 500 ರೂಪಾಯಿ ವೋಚರ್ ಎರಡು ವರ್ಷ ಬಿಟ್ಟು ತಂದರೂ 500 ರೂಪಾಯಿಯೇ. ಕೇಕ್ 700 ಆಗಿದ್ದರೆ ಮೇಲಿನ 200 ಗಿರಾಕಿ ಕೊಡಲಿ. ತಡಮಾಡಿದ ನಷ್ಟ ಗಿರಾಕಿಗೇ, ಅಂಗಡಿಯವರಿಗೆ ಕೈಯಿಂದ ಹೋಗುವುದಿಲ್ಲ. ನಕಲಿಯ ಸಮಸ್ಯೆಗೆ ನಂಬರ್ ಹಾಕಿ, ಒಂದು 40 ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ ಸಾಕು. "1,000 ಕೊಟ್ಟರೆ 1,200ರ ವೋಚರ್" ಅಂತ ಆಫರ್ ಕೊಟ್ಟಿದ್ದರೆ, ಆ ಮೇಲಿನ 200ಕ್ಕೆ ಬೇಕಾದರೆ ಅವಧಿ ಹಾಕಲಿ, ಅದು ಅವರ ಕೊಡುಗೆ. ಗಿರಾಕಿ ಕೊಟ್ಟ 1,000ಕ್ಕೆ ಅವಧಿ ಹಾಕುವ ಹಕ್ಕು ಇಲ್ಲ. ನನ್ನ ವಾದ ಪೂರ್ತಿ ಇಷ್ಟೇ.

ಇನ್ನು ಅವಧಿಯನ್ನು ಬೆಂಗಳೂರಿನ ಮಾಲು ನೋಡಿ ನಕಲು ಮಾಡಿರುವುದು ಬೇರೆ. ತಿಂಗಳ ಸಂಬಳ ಬರುವ ಊರಿಗೆ ಮೂರು ತಿಂಗಳು ಸರಿಹೋಗಬಹುದು. ನಮ್ಮ ಕಡೆ ಜನ ಅಂಗಡಿಗೆ ಇಳಿಯುವುದು ಕಬ್ಬಿನ ದುಡ್ಡು ಬಂದಾಗ, ಮದುವೆ ಕಾಲದಲ್ಲಿ, ಊರ ಹಬ್ಬಕ್ಕೆ. ಆಷಾಢದಲ್ಲಿ ಶುಭಕಾರ್ಯ ಇಲ್ಲ, ಪಿತೃಪಕ್ಷದಲ್ಲಿ ಹೊಸದು ತರಲ್ಲ, ನಾಟಿ ಕಾಲದಲ್ಲಿ ಪುರಸೊತ್ತಿಲ್ಲ. ವೈಶಾಖದ ಮದುವೆಯಲ್ಲಿ ಸಿಕ್ಕಿದ ಮೂರು ತಿಂಗಳ ವೋಚರ್ ಶ್ರಾವಣಕ್ಕೆ ಸತ್ತಿರುತ್ತೆ. ಹಳ್ಳಿಯವರು ಮರೆತರು, ನಿರ್ಲಕ್ಷ್ಯ ಮಾಡಿದರು ಅಂತ ಅಂಗಡಿಯವರು ಹೇಳುವುದುಂಟು. ಮರೆತದ್ದಲ್ಲ ಸ್ವಾಮಿ, ಅವರ ಕ್ಯಾಲೆಂಡರೇ ಬೇರೆ.

ಬೇರೆ ದೇಶಗಳು ಈ ಗೋಜನ್ನು ಯಾವತ್ತೋ ಬಗೆಹರಿಸಿಕೊಂಡಿವೆ. ಕೆನಡಾದ ಒಂಟಾರಿಯೋದಲ್ಲಿ 2007ರ ಅಕ್ಟೋಬರಿನಿಂದ ಗಿಫ್ಟ್ ಕಾರ್ಡಿಗೆ ಅವಧಿ ಹಾಕುವುದೇ ನಿಷೇಧ. ಅಮೆರಿಕಾದಲ್ಲಿ 2009ರ ಕಾನೂನು 2010ರ ಆಗಸ್ಟಿನಿಂದ ಕನಿಷ್ಠ ಐದು ವರ್ಷ ಅಂದಿತು. ಆಸ್ಟ್ರೇಲಿಯಾ 2019ರ ನವೆಂಬರಿನಿಂದ ಮೂರು ವರ್ಷ, ಐರ್ಲೆಂಡ್ ಅದೇ ಡಿಸೆಂಬರಿನಿಂದ ಐದು ವರ್ಷ ಮಾಡಿದವು. ಅಲ್ಲಿನ ಸಣ್ಣ ಅಂಗಡಿಗಳೇನೂ ಮುಚ್ಚಿಹೋಗಲಿಲ್ಲ, ವೋಚರ್ ಮಾರುವುದನ್ನೂ ಬಿಡಲಿಲ್ಲ. ನಮ್ಮಲ್ಲೂ ಒಂದೇ ಅಂಗಡಿಯ ವೋಚರಿಗೆ ಕನಿಷ್ಠ ಮೂರು ವರ್ಷ ಅಂತ ನಿಯಮ ಬರಬೇಕು. ಸಾಲ ವಸೂಲಿಗೆ ದಾವೆ ಹಾಕಲು ನಮ್ಮ ಕಾಲಮಿತಿ ಕಾನೂನು ಕೊಡುವುದೂ ಸಾಮಾನ್ಯವಾಗಿ ಮೂರು ವರ್ಷವೇ. ವೋಚರ್ ಸಾಲ ಅಂತ ಒಪ್ಪಿದ ಮೇಲೆ ಲೆಕ್ಕ ತಾನಾಗಿ ಸರಿಹೋಗುತ್ತೆ.

ಅಲ್ಲಿಯವರೆಗೆ ಏನು ಮಾಡುವುದು?

ಕೌಂಟರಿನಲ್ಲಿ ಕೂಗಾಡಬೇಡಿ, ಆ ಹುಡುಗನ ಕೈಯಲ್ಲಿ ಏನೂ ಇಲ್ಲ. ಅವನ ಸಂಬಳದಿಂದ ಮುರಿದುಕೊಂಡಾರು. ಓನರ್ ಹತ್ತಿರ ಮೂರು ಮಾತು ಕೇಳಿ: ಹೊಸ ದಿನಾಂಕ ಹಾಕಿಕೊಡಿ, ಆಗದಿದ್ದರೆ ಇವತ್ತಿನ ಬೆಲೆಗೆ ಮುಖಬೆಲೆ ಮುರಿದುಕೊಳ್ಳಿ, ಅದೂ ಆಗದಿದ್ದರೆ ದುಡ್ಡು ಕೊಡಿ. ಬಹಳಷ್ಟು ಕಡೆ ಮೊದಲನೆಯದಕ್ಕೇ ಮುಗಿಯುತ್ತೆ. ಇಲ್ಲ ಅಂದರೆ ಆ "ಇಲ್ಲ"ವನ್ನು ಬರೆದುಕೊಡಿ ಅನ್ನಿ. ಬರೆದುಕೊಡಲ್ಲ ಅಂದರೆ ನೀವೇ ಕಾಗದ ಬರೆದು ಕಳಿಸಿ. ಬಿಲ್ಲು ಇಟ್ಟುಕೊಳ್ಳಿ. ಇನ್ನೊಬ್ಬರು ಉಡುಗೊರೆ ಕೊಟ್ಟ ವೋಚರ್ ಆದರೆ ಕೊಂಡವರ ಹತ್ತಿರ ಬಿಲ್ಲಿನ ಪ್ರತಿ ಕೇಳಿ ಇಸಕೊಳ್ಳಿ.

ಆಮೇಲೆ 1915. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅದರಿಂದಲೂ ಆಗದಿದ್ದರೆ ಮಂಡ್ಯದಲ್ಲಿರುವ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ ಒಂದು ಅನುಕೂಲ ಆಗಿದೆ. ಅಂಗಡಿ ಎಲ್ಲೇ ಇರಲಿ, ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಂಗಳೂರಿನ ಅಂಗಡಿಯ ವೋಚರ್ ಆದರೂ ಮಳವಳ್ಳಿಯವರು ಮಂಡ್ಯಕ್ಕೆ ಹೋದರೆ ಸಾಕು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. 2025ರ ಜನವರಿಯಲ್ಲಿ ಶುರುವಾದ ಇ-ಜಾಗೃತಿ ತಾಣದಲ್ಲಿ ಮನೆಯಿಂದಲೇ ದೂರು ಹಾಕಬಹುದು. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು, ಅದನ್ನು ಮಾತ್ರ ನೆನಪಿಡಿ.

ಇಷ್ಟೆಲ್ಲ ಇದ್ದರೂ 500 ರೂಪಾಯಿಗೆ ಯಾರು ಆಯೋಗಕ್ಕೆ ಹೋಗುತ್ತಾರೆ? ಮಳವಳ್ಳಿಯಿಂದ ಒಂದು ಸಲ ಮಂಡ್ಯಕ್ಕೆ ಹೋಗಿಬಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು, ಜೆರಾಕ್ಸು, ಊಟ ಬೇರೆ. ಸಣ್ಣ ಮೊತ್ತಕ್ಕೆ ಯಾರೂ ಹಿಂದೆ ಬೀಳಲ್ಲ ಅನ್ನೋ ಲೆಕ್ಕಾಚಾರದ ಮೇಲೇ ಈ ಎಕ್ಸ್‌ಪೈರಿ ವ್ಯಾಪಾರ ನಿಂತಿದೆ. ಅದಕ್ಕೇ ಈ ಜಗಳ ಮುಗಿಯಬೇಕಾದದ್ದು ಆಯೋಗದಲ್ಲಲ್ಲ, ವೋಚರ್ ಅಚ್ಚು ಹಾಕಿಸುವ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ.

ಅಂಗಡಿಯವರಿಗೆ ನನ್ನ ವಿನಂತಿ ಇದು. 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ ಪ್ರಕಾರ ನಿಮ್ಮ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕು. ಬಹಳ ಜನ ಹಾಕಿಸಿದ್ದೀರಿ, ಸಂತೋಷ. ಬೋರ್ಡು ಓದಿ ಯಾರೂ ದುಡ್ಡು ಕಳೆದುಕೊಳ್ಳಲ್ಲ, ವೋಚರಿನ ಹಿಂಬದಿ ಓದಲಾಗದೆ ಕಳೆದುಕೊಳ್ಳುತ್ತಾರೆ. ಅದನ್ನೂ ಕನ್ನಡದಲ್ಲಿ, ಮುಂಭಾಗದಲ್ಲಿ, ಮೊತ್ತದಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿಸಿ. ಹೀಗೆ:

"ಈ ಚೀಟಿಯ ಆಫರ್ ಇಂಥ ದಿನದವರೆಗೆ. ಆಮೇಲೆ ನೀವು ಕೊಟ್ಟ ದುಡ್ಡಿನಷ್ಟು ಸಾಮಾನು ಅಂದಿನ ಬೆಲೆಗೆ ಮೂರು ವರ್ಷದವರೆಗೆ ಸಿಗುತ್ತದೆ."

ಎರಡು ಸಾಲು. ಬ್ಲಾಕ್ ಮಾಡಿಸಲು ಹೆಚ್ಚಿಗೆ ಖರ್ಚಿಲ್ಲ. ಇದನ್ನು ಹಾಕಿಸಿದ ಅಂಗಡಿ ಮಂಡ್ಯದಲ್ಲೋ ಮದ್ದೂರಿನಲ್ಲೋ ಮಳವಳ್ಳಿಯಲ್ಲೋ ಒಂದು ಇದ್ದರೆ ಹೇಳಿ. ಮುಂದಿನ ಮದುವೆಯ ಮುಯ್ಯಿಗೆ ಅಲ್ಲಿಂದಲೇ ವೋಚರ್ ತರುತ್ತೇನೆ. ಅಲ್ಲಿಯವರೆಗೆ ನಾನಂತೂ ಕವರಿನಲ್ಲಿ ಐನೂರರ ನೋಟನ್ನೇ ಇಡುತ್ತೇನೆ, ಅದಕ್ಕೆ ಎಕ್ಸ್‌ಪೈರಿ ಡೇಟ್ ಇಲ್ಲ. (2016ರ ನವೆಂಬರ್ 8ರ ರಾತ್ರಿ ನೆನಪಿಸಬೇಡಿ, ಆ ಮಾತು ಬೇರೆ! ಆ ನೋಟನ್ನೂ ಬ್ಯಾಂಕಿಗೆ ಕಟ್ಟಲು ಡಿಸೆಂಬರ್ 30ರವರೆಗೆ ಟೈಮ್ ಕೊಟ್ಟಿದ್ದರು.)